ಬಳೆ ಹೆಚ್ಚಿತು

ಬೆಟಗೇರಿಗೆ ಹೋದಾಗ ಬ್ಯಾಗಿನಲ್ಲಿ ಒಂದು ಚಿತ್ರವಿತ್ತು:
ಕಪ್ಪು ನೆಲ, ಒಂದರೊಳಗೊಂದು ಮಸುಕು ಉಂಗುರ,
ನಡುವೆ ಹೊಗೆ ಹಿಡಿದಂಥ ಕಲೆ.
ಬನವ್ವತ್ತಿ ಮಗ್ಗದ ಕುಣಿಯಿಂದ ಕಾಲು ತೆಗೆಯದೆ ನೋಡಿದಳು.
"ಇದಕ್ಕೇನು ಧಾರವಾಡದಾಗ ರಾತ್ರಿಯೆಲ್ಲಾ ನಿದ್ದಿಗೆಡೂದು?
ಎಲ್ಲೈತಿ ನಿನ್ನ ಅಣು?"

ಅಣು ಇದರಾಗಿಲ್ಲ ಅತ್ತಿ. ಇದು ಅದರ ಮೈ ಸವರಿಕೊಂಡು ಹೋದ
ಎಲೆಕ್ಟ್ರಾನುಗಳು ಬಿದ್ದ ಜಾಗ.
ಮೊದಲು ಬೆಳಕಿನದೊಂದು ಪೆಟ್ಟು, ಬೆನ್ನಿಗೇ ಒಂದು ಹಿಡಿ ಎಲೆಕ್ಟ್ರಾನು.
ಹಿಡಿ ದೊಡ್ಡದಾದರೆ ಹುಬ್ಬಳ್ಳಿ ಪ್ಯಾಸೆಂಜರಿನ ಬಾಗಿಲು,
ಒಂದನ್ನೊಂದು ನೂಕಿ ಚೆದುರುತ್ತವೆ, ಹೊತ್ತು ತಪ್ಪುತ್ತದೆ.
ಅದಕ್ಕೇ ಚೂರು ಚೂರು, ಬೆಳಗಿನ ತನಕ.
ಪ್ರತಿ ಸಲವೂ ಬೇರೆ ಅಣು.
ಪೆಟ್ಟು ತಿಂದದ್ದು ತಿರುಗಿ ಬರುವುದಿಲ್ಲ.

ಅವಳು ಎಳೆ ಕೂಡಿಸುತ್ತ ಅಂದಳು:
"ಲಾಳಿ ಓಡೂದು ಯಾರಿಗೆ ಕಂಡೈತಿ?
ಅರಿವಿ ನೋಡಿ ಹೇಳ್ತೀನಿ,
ಮಂಗಳವಾರ ಕರೆಂಟ್ ಹೋದಾಗ ಎಲ್ಲಿ ತಪ್ಪೇತಿ ಅಂತ."

ನಾನು ಎರಡು ವರ್ಷ ಕಲಿತದ್ದು ಇಷ್ಟೇ.

ಕತ್ತಲಾದ ಮೇಲೆ ಅವಳ ರೇಷ್ಮೆ ಸೀರೆಯ ಒಂದು ಪದರ
ಕಣ್ಣಿಗೆ ಹಿಡಿದು ಓಣಿಯ ತುದಿಯ ಹಳದಿ ದೀಪ ತೋರಿಸಿದೆ.
ಒಂದು ದೀಪ ನಾಲ್ಕೂ ದಿಕ್ಕಿಗೆ ಚುಕ್ಕಿ ಚುಕ್ಕಿ.
ಆಮೇಲೆ ದಪ್ಪ ನೂಲಿನ ಪಂಚೆ: ಚುಕ್ಕಿಗಳು ಒತ್ತಿಕೊಂಡವು.
ಎಳೆ ಹತ್ತಿರವಾದಷ್ಟೂ ಚುಕ್ಕಿ ದೂರ.
ಅಲ್ಲಿಂದ ಲೆಕ್ಕ ಹಿಡಿದು ಹಿಂದಕ್ಕೆ ನಡೆಯಬೇಕು,
ಚುಕ್ಕಿಯಿಂದ ಎಳೆಗೆ, ಉಂಗುರದಿಂದ
ಇಂಗಾಲಕ್ಕೂ ಇಂಗಾಲಕ್ಕೂ ನಡುವಿನ ಗೇಣಿಗೆ.
ಅವಳು ಸೀರೆ ಸರಿಸಿ ಬರೀ ದೀಪ ನೋಡಿದಳು, ಮತ್ತೆ ಸೀರೆ ಹಿಡಿದಳು.
"ಐವತ್ತು ವರ್ಷ ನೇದೀನಿ, ಹಿಂಗ ನೋಡಿದ್ದಿಲ್ಲ."

ಆರು ಇಂಗಾಲ ಕೈಗೆ ಕೈ ಹಿಡಿದ ಬಳೆ ಅದು, ಅಂದೆ.
ಬೆಳಕು ತಾಗಿದ್ದೇ ಒಂದು ಕಡೆ ಒಡೆಯುತ್ತದೆ.
ರೆಪ್ಪೆ ಬಡಿಯುವ ಹೊತ್ತನ್ನು ಲಕ್ಷ ಕೋಟಿ ಪಾಲು ಮಾಡಿದರೆ
ಒಂದು ಪಾಲಿನೊಳಗೆ.
"ಅಷ್ಟು ಪಾಲಾದರ ಬದು ಎಲ್ಲಿ ಹಾಕ್ತಾರ?" ನಕ್ಕಳು.
ಆಮೇಲೆ ನಗು ನಿಲ್ಲಿಸಿ:
"ಸಂಜೀಮುಂದ ಬಳಿ ಒಡೀತು ಅನಬಾರದು ತಂಗಿ.
ಬಳಿ ಹೆಚ್ಚಿತು ಅನಬೇಕು."

ಬೆರಳು ಮಡಚಿ ಎಣಿಸಿದೆ.
ಮುಚ್ಚಿದ ಬಳೆಯಲ್ಲಿ ಜೋಡಿ ಕೊಂಡಿ ಎರಡು.
ಬಿಚ್ಚಿಕೊಂಡು ಉದ್ದವಾದ ಮೇಲೆ ಮೂರು.
ಹೆಚ್ಚಿದೆ. ನಿಜವಾಗಿಯೂ ಒಂದು ಹೆಚ್ಚಿದೆ.

ಪ್ರಬಂಧದಲ್ಲಿ ಹಾಗೆ ಬರೆದರೆ ಗೈಡು ಗೆರೆ ಎಳೆಯುತ್ತಾರೆ.
ದೀಪದ ಕಡೆ ಮುಖ ಮಾಡಿ ನಿಂತೇ ಇದ್ದೆ.
"ಸೀರಿ ಮಡಚಿಡು," ಒಳಗಿನಿಂದ ಕೂಗಿದಳು,
"ನಾಳಿ ಗದಗಿಗೆ ಕೊಡೂದೈತಿ."