ಎಡ ಮೂಲೆ

ಚೌಕಿಪೇಟೆಯ ಚಪ್ಪಲಿ ಅಂಗಡಿಯಲ್ಲಿ
ಗೌಸ್‌ಪೀರ್ ಮುಖ ನೋಡುವುದಿಲ್ಲ,
ಮೊದಲು ಕಾಲು.

ಹನ್ನೊಂದು ಸೀಸನ್, ಐದು ಜೆರ್ಸಿ,
ಕಬಡ್ಡಿ ಅಂಕಣದ ಎಡ ಮೂಲೆ.
ಎರಡು ಬೆರಳು ಸೊಟ್ಟ; ಮಂಡಿಯೊಳಗೊಂದು ಸ್ಕ್ರೂ,
ಮಳೆ ಬರುವುದು ಮೊದಲು ಅದಕ್ಕೇ ಗೊತ್ತು.

ರೈಡರನ ಕಣ್ಣು ಸುಳ್ಳು, ಭುಜ ಸುಳ್ಳು,
ಕಟ್ಟಿದ ಉಸಿರೂ ಅರ್ಧ ಸುಳ್ಳು;
ಕಣಕಾಲು ಮಾತ್ರ, ಪಾಪ,
ಹೋಗುವ ದಿಕ್ಕನ್ನು
ಚಿಟಿಕೆ ಹೊತ್ತು ಮೊದಲೇ ಒಪ್ಪಿಕೊಂಡುಬಿಡುತ್ತದೆ.

ನಿನ್ನೆ ಒಬ್ಬ ಬಂದ. ಹೊಟ್ಟೆ, ಕನ್ನಡಕ.
ಎಂಟು ನಂಬರಿನ ಸ್ಯಾಂಡಲ್ ಕೇಳಿದ.
ಪಟ್ಟಿ ಬಿಗಿಯುತ್ತ, ತಲೆಯೆತ್ತದೆ, ಇವನಂದ:
‘ಹರಿಹರದ ಸೆಮಿಫೈನಲ್. ಕೊನೇ ರೈಡು.
ತಪ್ಪಿಸ್ಕಂಡಿದ್ದೆ ನೀನು.’

ಬಂದವನು ನಕ್ಕ.
ಬಿಲ್ಲಿನಲ್ಲಿ ಐವತ್ತು ಬಿಟ್ಟ ಗೌಸ್‌ಪೀರ್;
ಕಾಲು ಬಿಡಲು
ತುಸು ಹೊತ್ತಾಯಿತು.