ಕೈತಾನನ ಐದು ಸ್ಟೂಲು

ವಾಸ್ಕೋ ಸ್ಟೇಷನ್ನಿನ ಹಿಂದ, ಪಂಕ್ಚರ್ ಅಂಗಡಿಗೆ ಗ್ವಾಡಿ ಹಚ್ಚಿ
ಐದು ಸ್ಟೂಲಿನ ಒಂದು ಖೋಲಿ.
ಅಲ್ಲಿ ಒಬ್ಬಾವ ಅದಾನ, ಕೈತಾನ್ ರೆಬೆಲೊ:
ಕುದಿಸಾಂವನೂ ಅವನ, ಬಡಸಾಂವನೂ ಅವನ,
ರೊಕ್ಕ ಎಣಿಸಾಂವ ಅವನ, ಬಟ್ಟಲ ತಿಕ್ಕಾಂವನೂ ಅವನ.
ಬಾಗಲಿಗೆ ಸೀಮೆಸುಣ್ಣದಾಗ ಬರದಿರ್ತಾನ:
ಇವತ್ತು ಇಪ್ಪತ್ತೆರಡು ಬಟ್ಟಲ.
ಇಪ್ಪತ್ಮೂರನೇದವ್ರು ನಾಳೆ ಬರ್ರಿ.

ನಾನು ಬಂದರಿನ ವೇಬ್ರಿಜ್ಜಿನಾಕಿ.
ದಿನಾ ಲಾರಿ ತೂಗತೀನಿ,
ತುಂಬಿದ್ದರಾಗ ಖಾಲಿ ಕಳದ್ರ ಉಳಿಯೂದು ಮಾಲು,
ಇಷ್ಟ ನನ್ನ ವಿದ್ಯಾ.
ಶನಿವಾರ ಪಾಳಿ ಮುಗಿಸಿ ಬರೂಮುಂದ
ಮೂಗಿನಾಗ ಇನ್ನೂ ಕಲ್ಲಿದ್ದಲ ಕರಿ.
ಅವ ಏನೂ ಅನ್ನೂದಿಲ್ಲ, ಒಂದು ಹಸಿ ಅರಬಿ ಮುಂದ ಸರಸ್ತಾನ.
ಈ ಊರಾಗ ಹುಟ್ಟಿ ಮೂವತ್ನಾಕು ವರ್ಷ ಆತು,
ನಿನ್ನ ಊರು ಯಾವುದು ಅಂತ
ಕೇಳಲಾರದ ಮೊದಲ ಮನಶ್ಯಾ ಇವ.

ಎರಡು ಬಟ್ಟಲ ಬರ್ತಾವ, ಬ್ಯಾರೆ ಬ್ಯಾರೆ.
ಒಂದರಾಗ ತಣ್ಣೀರಿನಾಗ ತೊಳದ ಎಳಿ.
ನಮ್ಮ ಶಾವಿಗಿ ಅಲ್ಲ, ಶಾವಿಗಿಯ ಪೈಲ್ವಾನ ಅಣ್ಣ,
ಸುರುಳಿ ಸುತಗೊಂಡು, ಯಾರ ಗೊಡವಿ ಇಲ್ಲದ ಮಲಗಿರ್ತಾನ.
ಇನ್ನೊಂದರಾಗ ಬಿಸಿ: ಕೋಳಿ ಎಲುಬು, ಒಣ ಬಂಗಡಿ,
ಮ್ಯಾಲ ಒಂದು ಮುರುಗಲ ಸಿಪ್ಪಿ,
ಬರೇ ಕುಡದ್ರ ಗಂಟಲ ಹಿಡಿಯೂವಷ್ಟು ಉಪ್ಪು.

ಮೊದಲ ದಿನ ನಾನು ಒಂದರಾಗ ಒಂದು ಸುರಿಯಾಕ ಹೋಗಿದ್ದೆ.
ಒಲಿ ಮುಂದಿಂದ ಒಂದ ಶಬ್ದ: "ನಾಕಾ!"
ಅದ್ದಬೇಕಂತ. ಮೂರು ಎಳಿ, ಅರ್ಧ ಮಟ, ಎತ್ತು, ಸೊರ್ ಅನ್ನು.
ತಣ್ಣಂದು ತಣ್ಣಗಿರಲಿ, ಬಿಸಿದು ಬಿಸಿ,
ಎರಡಕ್ಕೂ ಭೆಟ್ಟಿ ಬಾಯಾಗಷ್ಟ.

ಹಡಗಿನ ಅಡಗಿಮನಿಯಾಗ ಹನ್ನೊಂದು ವರ್ಷ ಇದ್ದಂತ.
ಹಡಗ ರಿಪೇರಿಗೆ ನಿಂತಾಗ, ಯೋಕೋಹಾಮಾದಾಗ, ನಾಕು ತಿಂಗಳು
ಒಬ್ಬ ಮುದುಕನ ಅಂಗಡಿಯಾಗ ಬಟ್ಟಲ ತಿಕ್ಕಿ ಕಲತದ್ದು.
ಮುದುಕ ಏನೂ ಹೇಳಿಕೊಡಲಿಲ್ಲ.
ಬೈದದ್ದಷ್ಟ.

ಹೋದ ಶನಿವಾರ ಟೋಯಿಂಗ್ ಗಾಡಿ ಬಂತು,
ಕೈತಾನನ ಸ್ಕೂಟರಿನ ಮುಂಗಾಲು ಎತ್ತಿಬಿಟ್ಟಿತ್ತು.
ಕುದಿಯೂ ನೀರಾಗ ಎಳಿ,
ಗಡಿಯಾರದಾಗ ಇನ್ನೂ ನಾಕು ನಿಮಿಷ,
ಸ್ಟೂಲಿನ ಮ್ಯಾಲ ನಾವು ಐದು ಮಂದಿ.
ಒಬ್ಬೊಬ್ಬರ ಮಾರಿ ನೋಡಿದ,
ಜಾಲರಿ ಸೌಟು ನನ್ನ ಕೈಯಾಗ ತುರುಕಿ ಓಡಿದ.

ಹದಿನೆಂಟು ಚಕ್ರದ ಲಾರಿಗೆ ಹೆದರದ ಕೈ
ನಡುಗಿತು.
ಮೂರು ನಿಮಿಷ. ಎರಡು.
ಪಕ್ಕದ ಸ್ಟೂಲಿನ ಪೋಸ್ಟ್‌ಮನ್ ಅವಸರ ಮಾಡಿದ, ನಾ ಕೇಳಲಿಲ್ಲ.
ಗಂಟಿ ಹೊಡೀತು, ಎತ್ತಿದೆ, ಐಸಿನ ನೀರಾಗ ಇಳಿಸಿ
ಗಂಜಿ ಬಿಡೂಮಟ ಅಂಗೈಲೆ ತಿಕ್ಕಿದೆ.
ಶನಿವಾರ ಶನಿವಾರ ಅವನ ಬೆನ್ನು ನೋಡಿ ಕಲತದ್ದು.
ಹಂಚಾಕ ತಕ್ಕಡಿ ಇತ್ತು. ಮುಟ್ಟಲಿಲ್ಲ.
ಮೂರು ಬಟ್ಟಲಕ್ಕ ಮೂರು ಮುಷ್ಟಿ.

ಅವ ಬಂದ, ದಂಡದ ಚೀಟಿ ಹಲ್ಲಾಗ ಕಚಗೊಂಡು.
ಬಟ್ಟಲ ಒಂದೊಂದ ತಕ್ಕಡಿಗಿಟ್ಟ.
ಎರಡು ಸರಿ.
ಒಂದು ಹದಿನೈದು ಗ್ರಾಂ ಹೆಚ್ಚು.
ಅದನ್ನ ನನ್ನ ಮುಂದ ಇಟ್ಟ.

ಕಡೀಕ ಬಿಸಿ ಬಟ್ಟಲದಾಗ ತಳದಷ್ಟು ಉಳೀತೈತಿ.
ಕೆಟಲಿಯಿಂದ ಮೀನ ಕುದಿಸಿದ ತಿಳಿ ಹೊಯ್ತಾನ,
ದಪ್ಪಂದು ತೆಳ್ಳಗಾಗಿ ಕುಡಿಯೂಹಂಗ ಆಗತೈತಿ.
ಬಾಯ್ನಾದ ತಗಡಿನ ಮನಿಯಾಗ, ಉಣ್ಣೂ ಹೊತ್ತಿಗೆ ಮಂದಿ ಬಂದ್ರ
ಅವ್ವನೂ ಹಿಂಗ ಸಾರಿಗೆ ನೀರ ಹೊಯ್ತಿದ್ಲು,
ನಾ ಮಾರಿ ತಿರುವತಿದ್ದೆ.
ಈಗ ಎರಡೂ ಕೈಲೆ ಬಟ್ಟಲ ಎತ್ತಿ ಕುಡೀತೀನಿ.

ರೊಕ್ಕ ಪೂರಾ ಎಣಿಸಿಕೊಂಡ, ಒಂದು ರೂಪಾಯಿನೂ ಬಿಡಲಿಲ್ಲ.
ಬಸ್ಸಿನಾಗ ಕುಂತು ಅಂಗೈ ನೋಡಿದೆ,
ಐಸಿನ ನೀರಿಗೆ ಇನ್ನೂ ಕೆಂಪಗಿತ್ತು.