ದೊರಕವ್ವ

ರಿಜಿಸ್ಟರಿನಲ್ಲಿ ಹೆಸರು ದೊರ್ಕಾಸ್.
ಬೆಟಗೇರಿಯ ನಾಲಿಗೆಗೆ ಅದು ಹೊರಳಲಿಲ್ಲ,
ಓಣಿಯವರು ಕರೆದದ್ದು ದೊರಕವ್ವ.
ಅವ್ವ ನಕ್ಕುಬಿಟ್ಟಳಂತೆ:
'ಖರೇನ ಐತಿ. ದೊರಕಿದಾಕೀನ ನಾನು.'

ಮಿಶನ್ ಆಸ್ಪತ್ರೆಯ ಮೆಟ್ಟಿಲ ಮೇಲೆ,
ಹತ್ತಿಗಿರಣಿಯ ಸಿಳ್ಳೆಗಿಂತ ಮೊದಲು,
ನೂಲು ಹೊತ್ತು ಸವೆದ ಬುಟ್ಟಿಯೊಳಗೆ,
ಹೊಕ್ಕುಳಬಳ್ಳಿಗೆ ಯಾರದೋ ಸೀರೆಯ ಅಂಚು ಕಟ್ಟಿಕೊಂಡು.
ಯಾರು, ಯಾಕೆ, ಯಾವ ಜಾತಿ,
ಅವ್ವ ಒಂದು ದಿನವೂ ಹುಡುಕಲಿಲ್ಲ.
ಕೇಳಿದವರಿಗೆ ಅಷ್ಟೇ:
'ಇಟ್ಟ ಕೈ ನನಗ ಗೊತ್ತಿಲ್ಲ,
ಎತ್ತಿದ ಕೈ ಗೊತ್ತೈತಿ.'

ಎತ್ತಿದವಳು ರಾತ್ರಿ ಪಾಳಿಯ ಆಯಾ, ಮರಿಯವ್ವ ಅಣ್ಣಿಗೇರಿ.
ಅವ್ವನ ಪ್ರಕಾರ ಮರಿಯವ್ವ ಬರೀ ಕೈಚೀಲ,
ಒಳಗಿನ ಕೈ ಬೇರೆಯವನದು,
ಅಂಗೈಯಲ್ಲಿ ಮೊಳೆಯ ಗಾಯ ಇದ್ದವನದು.

ಅವ್ವ ಕುಂಚಿಗಿ ಹೊಲಿಯುತ್ತಿದ್ದಳು.
ಮಗ್ಗದವರು ಬಿಸಾಕಿದ ತುಂಡು, ಖಣದ ಕೊನೆ,
ಯಾರೋ ಕೊಟ್ಟ ಪರದೆಯ ಚೂರು.
ಹೆರಿಗೆ ವಾರ್ಡಿನಲ್ಲಿ ಬರಿಮೈ ಕೂಸು ಇದೆ ಎಂದರೆ
ಸಂಜೆಯೊಳಗೆ ಒಂದು ಕುಂಚಿಗಿ ಹೋಗಲೇಬೇಕು.
ಒಯ್ಯುವವಳು ನಾನು. ಹನ್ನೊಂದು ವರ್ಷ,
ಎರಡು ಲಂಗ, ಹೊಟ್ಟೆ ತುಂಬ ಸಿಟ್ಟು.

ಆ ವರ್ಷ ಪರಸಪ್ಪನ ಸೊಸೆ ಹಡೆದಳು,
ಮೂರನೆಯದೂ ಹೆಣ್ಣು.
ಪರಸಪ್ಪ ಅಂದರೆ
ನಳದ ಕಟ್ಟೆಯ ಮೇಲೆ ಅವ್ವನ ಕೊಡ ಒದ್ದವನು.
'ಮೊದಲ ನಿಮ್ಮಪ್ಪನ ಹೆಸರು ಹೇಳು, ಆಮ್ಯಾಲ ನೀರು ತುಂಬು'
ಎಂದವನು, ನಾಲ್ಕು ಜನರ ಮುಂದೆ.
ಆ ಕೊಡದ ನೆಗ್ಗು ನಮ್ಮನೆಯಲ್ಲಿ ಇನ್ನೂ ಇತ್ತು,
ನೀರು ಬಗ್ಗಿಸುವಾಗ ನನ್ನ ಬೆರಳಿಗೆ ಸಿಗುತ್ತಿತ್ತು.

ವಾರ್ಡಿಗೆ ಆ ಮನೆಯಿಂದ ಯಾರೂ ಬರಲಿಲ್ಲ.
ಅವ್ವ ಟ್ರಂಕು ತೆರೆದಳು.
ನನ್ನ ಕ್ರಿಸ್‌ಮಸ್ ರವಿಕೆಗೆಂದು ಇಟ್ಟಿದ್ದ
ಕೆಂಪು ರೇಷ್ಮೆಯ ತುಂಡು ತೆಗೆದಳು,
ಕತ್ತರಿ ಹಾಕಿದಳು.

ನಾನು ಅತ್ತೆ. ಕಾಲು ಬಡಿದೆ.
ಆ ಮನಿಗೆ ಇದು ಸಲ್ಲತೈತೇನು, ಎಂದು ಕೂಗಿದೆ.
ಅವ್ವ ದಾರದ ತುದಿ ನಾಲಿಗೆಗೆ ತಾಗಿಸಿ
ಸೂಜಿಗೆ ಪೋಣಿಸುತ್ತಿದ್ದಳು.
'ನನಗ ಸಲ್ಲತಿತ್ತೇನು?
ಬುಟ್ಟ್ಯಾಗಿನ ಕೂಸು ಏನು ಗಳಿಸಿತ್ತು?'
ಒಂದು ಹೊಲಿಗೆ. ಇನ್ನೊಂದು.
'ಇದು ಸಾಲ ತೀರಸೋದಲ್ಲ, ಹುಚ್ಚಿ.
ಚೀಟಿ ಆತ ಎಂದೋ ಹರದು ಒಗದಾನ.
ಹೊಟ್ಟಿ ತುಂಬಿದ ಮ್ಯಾಲ
ಕೈ ತಾನ ಮುಂದ ಹೊಕ್ಕತಿ.'

ನನಗೆ ತಿಳಿಯಲಿಲ್ಲ. ನನ್ನ ಹೊಟ್ಟೆ ತುಂಬಿರಲಿಲ್ಲ.
ಒಯ್ದೆ, ಕೊಟ್ಟೆ, ಮುಖ ನೋಡಲಿಲ್ಲ.
ಆ ಸೊಸೆ ನನ್ನ ಮಣಿಕಟ್ಟು ಹಿಡಿದವಳು
ಎಷ್ಟೋ ಹೊತ್ತು ಬಿಡಲಿಲ್ಲ.
ಏನೂ ಹೇಳಲೂ ಇಲ್ಲ.

ಪರಸಪ್ಪ ಬದಲಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.
ಮರುವಾರವೂ ನಳದಲ್ಲಿ ನಮ್ಮ ಕೊಡ ಕೊನೆಗೇ.

ಅವ್ವ ಹೋಗಿ ಎಂಟು ತಿಂಗಳು.
ಕಲ್ಲಿನ ಮೇಲೆ ಏನು ಬರೆಸೋಣ ಎಂದು ಸಭೆಯವರು ಕೇಳಿದಾಗ
ಹುಟ್ಟಿದ ತಾರೀಖಿನ ಜಾಗದಲ್ಲಿ
ದೊರಕಿದ ತಾರೀಖು ಕೊಟ್ಟೆ.

ಟ್ರಂಕಿನಲ್ಲಿ ಅರ್ಧ ಹೊಲಿದ ಕುಂಚಿಗಿ,
ಸೂಜಿ ಅದರಲ್ಲೇ ನೇತಾಡುತ್ತಿದೆ.
ನಾನು ಗದಗ ಡಿಪೋದಲ್ಲಿ ಟಿಕೀಟಿನ ಲೆಕ್ಕ ಬರೆಯುವವಳು,
ಪೈಸೆಗೆ ಪೈಸೆ ತಾಳೆಯಾಗದೆ ಮನೆಗೆ ಬರುವಂತಿಲ್ಲ.
ಹೊಲಿಗೆ ಬರುವುದಿಲ್ಲ.
ಅವ್ವನ ಹಾಗೆ ಪ್ರಾರ್ಥನೆಯೂ ಬರುವುದಿಲ್ಲ,
ಆಮೆನ್ ಎನ್ನುವ ಮೊದಲೇ ನಿದ್ದೆ.
ಆದರೂ ನಿನ್ನೆ ದೀಪ ಹಚ್ಚಿಕೊಂಡು ಕೂತೆ.
ಯಾಕೆಂದು ಕೇಳಬೇಡಿ,
ಬೆನ್ನ ಹಿಂದೆ ಯಾರೋ ನಿಂತು
ಕೈಗೆ ಕೈ ಕೊಟ್ಟ ಹಾಗಿತ್ತು.
ಸೂಜಿಯ ಕಣ್ಣಲ್ಲಿ ಅವ್ವನ ದಾರ ಇನ್ನೂ ಇತ್ತು.
ಹೊಸದು ಪೋಣಿಸಲಿಲ್ಲ. ಅದೇ ಸಾಲಿತು.

ಇವತ್ತು ಮೂರನೇ ಮಂಚದ ಕೂಸಿಗೆ ಕಟ್ಟಿದೆ.
ಯಾರ ಪೈಕಿ ಎಂದು ಕೇಳಲಿಲ್ಲ, ಅಪ್ಪನ ಹೆಸರು ಕೇಳಲಿಲ್ಲ.
ಹೊಲಿಗೆ ಸೊಟ್ಟಾಗಿ ಕುಂಚಿಗಿ ಒಂದು ಕಿವಿಯ ಮೇಲೆ ವಾಲಿತು.
ಕೂಸು ಒಮ್ಮೆ ಸೀನಿ
ಮತ್ತೆ ನಿದ್ದೆ ಹೋಯಿತು.